ಹೇರ್‌ಪಿನ್ ಅಂದುಕೊಂಡು ಗುಡಿಸಿ ಹಾಕಿದ್ದು

ಬಾಣಂತಿ ಕೋಣೆಯಲ್ಲಿ ಫ್ಯಾನ್ ಹಾಕಬಹುದೋ ಬಾರದೋ ಅನ್ನೋದು ಈ ಬೇಸಿಗೆಯಲ್ಲಿ ನಮ್ಮನೆಯ ದೊಡ್ಡ ಜಗಳ. ಒಂದು ಕಡೆ 78 ವರ್ಷದ ನಮ್ಮತ್ತೆ, ಇನ್ನೊಂದು ಕಡೆ 29 ವರ್ಷದ ನನ್ನ ಮಗಳು. ಮಧ್ಯೆ ನಾನು, ಎರಡೂ ಕಡೆಯಿಂದ ಬೈಸಿಕೊಳ್ಳೋಳು. "ನಾವೆಲ್ಲ ಹೆತ್ತಿಲ್ವೇನೇ? ಬಾಣಂತಿಗೆ ಗಾಳಿ ತಾಗಿದ್ರೆ ಶೀತ ಆಗುತ್ತೆ" ಅಂತ ಅತ್ತೆ. "ಡಾಕ್ಟ್ರೇ ಹಾಕ್ಬೋದು ಅಂದಿದಾರೆ ಅಜ್ಜೀ, ನೇರವಾಗಿ ಮಗು ಮೇಲೆ ಬೀಳದ ಹಾಗೆ ನೋಡ್ಕೊಂಡ್ರೆ ಸಾಕು" ಅಂತ ಮಗಳು. ತುಮಕೂರಿನ ಏಪ್ರಿಲ್ ಬಿಸಿಲು ನಿಮಗೆ ಗೊತ್ತಲ್ಲ, ಕಿಟಕಿ ತೆಗೆದರೂ ಬಿಸಿಗಾಳಿ, ಮುಚ್ಚಿದರೆ ಬೆವರಿನ ಸ್ನಾನ.

ಈ ಜಗಳದಲ್ಲಿ ಗೆದ್ದವರು ಯಾರು ಅಂತ ಆಮೇಲೆ ಹೇಳ್ತೀನಿ. ಅದಕ್ಕೆ ಮೊದಲು ಫೆಬ್ರವರಿಗೆ ಹೋಗಬೇಕು.

ಫೆಬ್ರವರಿಯಲ್ಲಿ ಮನೆಗೆ ಬಣ್ಣ ಹೊಡೆಸಿದೆವು. ಮಗಳು ಹೆರಿಗೆಗೆ ಬರ್ತಾಳೆ, ನಾಮಕರಣಕ್ಕೆ ಬೀಗರು ಬರ್ತಾರೆ, ಗೋಡೆ ನೋಡಿ ಏನಂದ್ಕೋತಾರೋ ಅಂತ ನನ್ನದೇ ಹಟ. ಬಣ್ಣದ ಹುಡುಗರು ರೂಮಿನ ಸಾಮಾನೆಲ್ಲ ಹೊರಗೆ ಹಾಕಿ ಅಂದರು. ಫ್ಯಾನನ್ನೂ ಇಳಿಸಿ, ಸೀಲಿಂಗಿಗೆ ಬ್ರಷ್ ಆಡಿಸೋಕೆ ಆಗಲ್ಲ ಅಂದರು. ನಮ್ಮನೆಯವರಿಗೆ ರಿಟೈರ್ ಆದ ಮೇಲೆ ಸ್ಕ್ರೂಡ್ರೈವರ್ ಹಿಡಿಯೋ ಹುಚ್ಚು. "ಅದಕ್ಕ್ಯಾಕೆ ಎಲೆಕ್ಟ್ರಿಷಿಯನ್ನು, ಎರಡು ನಟ್ಟು ಬಿಚ್ಚಿದ್ರೆ ಆಯ್ತು" ಅಂತ ಒಬ್ಬ ಹುಡುಗನ ಕೈಲಿ ಏಣಿ ಹಿಡಿಸಿಕೊಂಡು ಇಳಿಸಿಯೇ ಬಿಟ್ಟರು. ಎರಡು ದಿನ ಬಿಟ್ಟು ಹಾಗೇ ಹತ್ತಿ ತಗುಲಿಸಿದರು. ಸ್ವಿಚ್ ಹಾಕಿದರೆ ತಿರುಗಿತು. ಕಾಫಿ ಕುಡಿದು ಆ ವಿಷಯ ಮರೆತೆವು.

ಬಣ್ಣದವರು ಹೋದ ಮೇಲೆ ಕಸ ಗುಡಿಸಿದ್ದು ನಾನು. ಹರಿದ ಪೇಪರು, ಸುಣ್ಣದ ಚಕ್ಕೆ, ಬೀಡಿ ತುಂಡು, ಅದರ ಮಧ್ಯೆ ಒಂದು ಸಣ್ಣ ಪಿನ್ನು. ಎರಡು ಕಾಲು, ತಲೆ ಗುಂಡಗೆ. ಮಗಳ ಹಳೇ ಹೇರ್‌ಪಿನ್ ಇರಬೇಕು, ಕಪಾಟಿನ ಹಿಂದೆ ಬಿದ್ದಿತ್ತೇನೋ ಅಂದ್ಕೊಂಡು ಮೊರದಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದೆ.

ಮಾರ್ಚ್ ಹೊತ್ತಿಗೆ ಆ ಫ್ಯಾನು ಸದ್ದು ಮಾಡೋಕೆ ಶುರು ಮಾಡಿತು. ಜೋರಾಗೇನಲ್ಲ. ಟಕ್, ಟಕ್, ಟಕ್. ಸ್ಪೀಡ್ ಜಾಸ್ತಿ ಮಾಡಿದರೆ ಟಕಟಕಟಕ. ಮಧ್ಯಾಹ್ನ ಅದರ ಕೆಳಗೇ ನಿದ್ದೆ ಹೊಡೆಯುತ್ತಿದ್ದ ನಮ್ಮನೆಯವರು "ಹಳೇ ಫ್ಯಾನಲ್ವಾ, ಬೇರಿಂಗ್ ಹೋಗಿರುತ್ತೆ" ಅಂದರು. ನಾನೂ ಹೂಂ ಅಂದೆ. ಹಳೇ ಫ್ಯಾನು ಸದ್ದು ಮಾಡದೇ ಇದ್ದರೇ ಆಶ್ಚರ್ಯ ಅಲ್ವಾ? ನಿಮ್ಮನೇಲೂ ಒಂದು ಇರುತ್ತೆ, ಆ ಸದ್ದಿಲ್ಲದೆ ನಿಮಗೆ ನಿದ್ದೆಯೇ ಬರಲ್ಲ.

ಮಗಳು ಬಂದಳು, ಮೊಮ್ಮಗಳು ಹುಟ್ಟಿದಳು, ಅದೇ ಕೋಣೆ ಬಾಣಂತಿ ಕೋಣೆ ಆಯಿತು. ಮಂಚ ನಟ್ಟನಡುವೆ. ಅತ್ತೆ ರೆಗ್ಯುಲೇಟರಿನ ಮೇಲೆ ಒಂದು ಬಟ್ಟೆ ಕಟ್ಟಿ, "ಇದನ್ನ ಮುಟ್ಟಿದೋರ ಕೈ ಮುರೀತೀನಿ" ಅಂದರು. ಎರಡು ವಾರ ಹಾಗೇ ನಡೆಯಿತು. ಬೀಸಣಿಗೆ ಹಿಡಿದು ನನ್ನ ಕೈ ಬಿದ್ದುಹೋಯಿತು.

ಹದಿನಾರನೇ ದಿನ ಬಚ್ಚಲಿನ ಗೀಸರ್ ಕೈಕೊಟ್ಟಿತು. ಬಾಣಂತಿ ನೀರು ಕಾಯಬೇಕಲ್ಲ, ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿದೆ. ಅವನು ಬಚ್ಚಲಲ್ಲಿ ಕೆಲಸ ಮಾಡ್ತಿದ್ದ. ಅತ್ತೆ ದೇವಸ್ಥಾನಕ್ಕೆ ಹೋಗಿದ್ದರು. ಮಗಳು ಪಿಸುಗುಟ್ಟಿದಳು, "ಅಮ್ಮಾ, ಅಜ್ಜಿ ಬರೋದ್ರೊಳಗೆ ಐದೇ ನಿಮಿಷ ಹಾಕೇ, ನಿನ್ ಕಾಲಿಗೆ ಬೀಳ್ತೀನಿ." ಬಟ್ಟೆ ಬಿಚ್ಚಿ ಎರಡಕ್ಕೆ ಇಟ್ಟೆ. ಮಗಳು ಕಣ್ಣು ಮುಚ್ಚಿ 'ಅಬ್ಬಾ' ಅಂದಳು. ಪಾಪು ಪಕ್ಕದಲ್ಲಿ ಮಲಗಿತ್ತು. ಮೇಲೆ ಟಕ್, ಟಕ್, ಟಕ್.

ಬಚ್ಚಲಿಂದ ಟೂಲ್ ಬ್ಯಾಗ್ ತಗೊಂಡು ಹೊರಟವನು ಬಾಗಿಲ ಹತ್ತಿರ ನಿಂತ. "ಅಕ್ಕಾ, ಈ ಫ್ಯಾನು ಯಾವಾಗಿಂದ ಹಿಂಗೆ ಸದ್ದು ಮಾಡ್ತಿದೆ?"

"ಬಣ್ಣ ಹೊಡೆಸಿದ್ಮೇಲೆ. ಬೇರಿಂಗ್ ಅಂತೆ."

"ಬೇರಿಂಗ್ ಸದ್ದಲ್ಲ ಇದು. ಮೊದ್ಲು ಆಫ್ ಮಾಡಿ. ಪಾಪುನ ಎತ್ಕೊಂಡು ಎಲ್ರೂ ಆಚೆ ಬನ್ನಿ."

ಅವನ ದನಿ ಕೇಳಿ ನಾನು ಎರಡನೇ ಮಾತಾಡಲಿಲ್ಲ.

ಮಂಚ ಗೋಡೆಗೆ ಸರಿಸಿ, ಅಲ್ಯುಮಿನಿಯಂ ಏಣಿ ಹಾಕಿದ. ನಮ್ಮನೆಯವರು ಬಂದು "ಸ್ವಿಚ್ ಆಫ್ ಮಾಡಿದೀನಿ, ಹತ್ತಪ್ಪಾ" ಅಂದರು. ಅವನು ಹತ್ತಲಿಲ್ಲ. ಮೊದಲು ಬೇರೆ ಪ್ಲಗ್ಗಿನಲ್ಲಿ ಟೆಸ್ಟರ್ ಇಟ್ಟು ಅದರ ದೀಪ ಹತ್ತುತ್ತಾ ಅಂತ ನೋಡಿದ. ಕೆಟ್ಟ ಟೆಸ್ಟರು ಯಾವ ತಂತೀಲೂ ಕರೆಂಟಿಲ್ಲ ಅಂತಲೇ ಹೇಳುತ್ತಲ್ಲ, ಅದಕ್ಕೆ. ಆಮೇಲೆ ಹತ್ತಿ ಫ್ಯಾನಿಗೆ ಬರುವ ತಂತಿಗೆ ಇಟ್ಟ. ಹತ್ತಿತು! ಯಾವ ಕಾಲದಲ್ಲೋ ಯಾರೋ ಸ್ವಿಚ್ಚನ್ನು ಫೇಸ್ ತಂತಿಗೆ ಕೊಡುವ ಬದಲು ನ್ಯೂಟ್ರಲ್ಲಿಗೆ ಕೊಟ್ಟಿದ್ದರಂತೆ. ಹಾಗೆ ಕೊಟ್ಟರೂ ಫ್ಯಾನು ನಿಲ್ಲುತ್ತೆ, ಆದರೆ ತಂತಿಯಲ್ಲಿ ಕರೆಂಟು ಹಾಗೇ ಇರುತ್ತೆ. ಸರಿ, ಮೇನ್ ಸ್ವಿಚ್ ಇಳಿಸಿದರು. ಮತ್ತೆ ಟೆಸ್ಟರ್ ಇಟ್ಟ. ಮತ್ತೂ ಹತ್ತಿತು! ಹಾಲಿನ ಮೂಲೆಯಲ್ಲಿ ಯುಪಿಎಸ್ 'ಕುಂಯ್' ಅಂತಿತ್ತು. ಕರೆಂಟು ಹೋಯಿತು ಅಂದ್ಕೊಂಡು ಅದು ಬ್ಯಾಟರಿಯಿಂದ ಫ್ಯಾನಿನ ಲೈನಿಗೆ ಕರೆಂಟು ಕೊಡ್ತಿದೆ. ಬ್ಯಾಟರಿ ಕರೆಂಟು ಅಂತ ಸದರ ಮಾಡೋ ಹಾಗಿಲ್ಲ, ಯುಪಿಎಸ್ಸಿಂದ ಹೊರಗೆ ಬರೋದು ಅದೇ 230 ವೋಲ್ಟು. ಅದನ್ನೂ ಆಫ್ ಮಾಡಿದ ಮೇಲೆ ಟೆಸ್ಟರು ಸುಮ್ಮನಾಯಿತು.

ನಮ್ಮನೆಯವರ ಮುಖ ನೋಡಿದೆ. ಫೆಬ್ರವರಿಯಲ್ಲಿ ಅವರು ಆಫ್ ಮಾಡಿದ್ದು ಗೋಡೆಯ ಸ್ವಿಚ್ ಒಂದೇ. ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರೋ ಅತ್ತೆಯ ಪೂಜೆಯೋ ಕಾಪಾಡಿತ್ತು.

ಏಣಿ ಮೇಲಿದ್ದವನು ಫ್ಯಾನಿನ ಮೇಲ್ತುದಿಯಲ್ಲಿ ಬಟ್ಟಲಿನ ಹಾಗಿರೋ ಮುಚ್ಚಳ ಇರುತ್ತಲ್ಲ, ಅದನ್ನು ಕೆಳಗೆ ಸರಿಸಿದ. ಅದರೊಳಗೆ ಕೈ ಹಾಕಿ ಏನನ್ನೋ ತೆಗೆದು ನನಗೆ ತೋರಿಸಿದ. ಒಂದು ನಟ್ಟು. ಬೋಲ್ಟಿನಿಂದ ತಾನಾಗಿ ಕಳಚಿಕೊಂಡು ಬಟ್ಟಲಿಗೆ ಬಿದ್ದು, ಫ್ಯಾನು ಅಲುಗಿದಾಗಲೆಲ್ಲ ಅಲ್ಲಿ ಕುಣಿಯುತ್ತಿತ್ತು. ಟಕ್ ಟಕ್ ಅಂದಿದ್ದು ಅದು. ಬೋಲ್ಟು ಅರ್ಧ ಹೊರಗೆ ಬಂದಿತ್ತು. ಕೊಕ್ಕೆಗೆ ಸಿಕ್ಕಿಸಿದ ಪಟ್ಟಿಯ ಎರಡು ಕಿವಿಗಳಲ್ಲಿ ಒಂದರಿಂದ ಆಗಲೇ ಜಾರಿ, ಇನ್ನೊಂದು ಕಿವಿಗೂ ಪೈಪಿಗೂ ಕಚ್ಚಿಕೊಂಡು ನಿಂತಿತ್ತು. ಅಷ್ಟರ ಮೇಲೆ ನಾಲ್ಕೈದು ಕೆಜಿಯ ಫ್ಯಾನು ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತಿತ್ತು.

"ಅಕ್ಕಾ, ಇದಕ್ಕೊಂದು ಪಿನ್ನಿರುತ್ತೆ. ಹೇರ್‌ಪಿನ್ ಥರ. ಅದೆಲ್ಲಿ?"

ನನ್ನ ಕೈಕಾಲು ತಣ್ಣಗಾಯಿತು. ಪಾಪುನ ಇನ್ನೂ ಎದೆಗೆ ಒತ್ತಿಕೊಂಡೇ ಇದ್ದೆ. ಹೇಳಲೋ ಬೇಡವೋ ಅಂತ ಒಂದು ಕ್ಷಣ ಯೋಚಿಸಿದ್ದೂ ನಿಜ. ಆಮೇಲೆ ಹೇಳಿದೆ. ನಮ್ಮನೆಯವರು ತಲೆ ತಗ್ಗಿಸಿ, "ಇಳಿಸೋವಾಗ ಕೆಳಗೆ ಬಿತ್ತು. ನಟ್ಟು ಟೈಟಾಗಿದೆಯಲ್ಲ, ಅದ್ಯಾಕೆ ಅಂತ ಹುಡುಕಲಿಲ್ಲ" ಅಂದರು.

ಸ್ಪ್ಲಿಟ್ ಪಿನ್ ಅಂತಾರೆ ಅದಕ್ಕೆ. ಬೋಲ್ಟಿನ ತುದಿಯಲ್ಲಿ ಒಂದು ಸಣ್ಣ ತೂತಿರುತ್ತೆ. ನಟ್ಟು ಬಿಗಿ ಮಾಡಿದ ಮೇಲೆ ಆ ತೂತಿಗೆ ಪಿನ್ನು ತೂರಿಸಿ, ಅದರ ಎರಡು ಕಾಲನ್ನೂ ಆ ಕಡೆ ಈ ಕಡೆ ಮಡಚಬೇಕು. ಎಷ್ಟೇ ಬಿಗಿ ಮಾಡಿದ ನಟ್ಟಾದರೂ ದಿನವೆಲ್ಲ ಅದುರುತ್ತಾ ಇದ್ದರೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸಡಿಲ ಆಗುತ್ತಾ ಬರುತ್ತೆ. ಪಿನ್ನಿದ್ದರೆ ತುದಿಯ ತನಕ ಬಂದು ಅಲ್ಲಿಗೇ ನಿಲ್ಲುತ್ತೆ. ಇಲ್ಲದಿದ್ದರೆ ಕಳಚಿ ಬೀಳುತ್ತೆ. ಒಂದು ಫ್ಯಾನಿಗೆ ಇಂಥವು ಎರಡು. ಕೊಕ್ಕೆಯ ಹತ್ತಿರ ಪೈಪನ್ನು ಹಿಡಿಯೋ ಬೋಲ್ಟಿಗೊಂದು, ಕೆಳಗೆ ಪೈಪು ಮೋಟರಿಗೆ ಸೇರೋ ಕಡೆ ಇನ್ನೊಂದು. ಎರಡೂ ಬಟ್ಟಲಿನೊಳಗೆ ಮುಚ್ಚಿಹೋಗಿರೋದರಿಂದ ಯಾರ ಕಣ್ಣಿಗೂ ಬೀಳಲ್ಲ. ಬಟ್ಟಲು ಚಂದ ಕಾಣಲಿ ಅಂತ ಇರೋದು, ಫ್ಯಾನನ್ನು ಅದು ಹಿಡಿದಿಲ್ಲ. ಎಷ್ಟೋ ಜನ ಬಟ್ಟಲಿನ ಸ್ಕ್ರೂ ಬಿಗಿ ಮಾಡಿ ಫ್ಯಾನ್ ಗಟ್ಟಿಯಾಯ್ತು ಅಂದ್ಕೋತಾರಂತೆ.

ಹಳೇ ಪಿನ್ನು ಕಸದಲ್ಲಿ ಸಿಕ್ಕಿದ್ದರೂ ಹಾಕ್ತಿರಲಿಲ್ಲ ಅಂದ ಅವನು. ಒಂದು ಸಲ ಮಡಚಿ, ನೇರ ಮಾಡಿ, ಮತ್ತೆ ಮಡಚಿದರೆ ಅಲ್ಲೇ ಮುರಿಯುತ್ತೆ. ಇಳಿಸಿದಾಗಲೆಲ್ಲ ಹೊಸದೇ ಹಾಕಬೇಕು. ಅದರ ಬದಲು ವೈರ್ ತುಂಡು, ಮೊಳೆ, ನಿಜವಾದ ಹೇರ್‌ಪಿನ್ನು ಸಿಕ್ಕಿಸಿದ್ದನ್ನೂ ಅವನು ನೋಡಿದಾನಂತೆ.

ಫ್ಯಾನನ್ನು ಪೂರ್ತಿ ಕೆಳಗಿಳಿಸಿ ನೆಲದ ಮೇಲಿಟ್ಟ. ಅಂಗಡಿಯಿಂದ ಹೊಸ ಪಟ್ಟಿ, ಬೋಲ್ಟು, ಪಿನ್ನು, ರಬ್ಬರ್ ತರಿಸಿದ. ಎಲ್ಲ ಸೇರಿ 200 ರೂಪಾಯಿ ಒಳಗೇ. ಪಟ್ಟಿಗೂ ಕೊಕ್ಕೆಗೂ ಮಧ್ಯೆ ರಾಟೆಯ ಹಾಗೆ ಒಂದು ದಪ್ಪ ರಬ್ಬರ್ ಕೂರುತ್ತೆ, ಅದುರು ಸೂರಿಗೆ ತಟ್ಟದ ಹಾಗೆ. ನಮ್ಮದು ಒಣಗಿ ಹಳೇ ಚಪ್ಪಲಿ ಅಟ್ಟೆಯ ಹಾಗೆ ಬಿರುಕು ಬಿಟ್ಟಿತ್ತು. ನಂತರ ಕೊಕ್ಕೆ ನೋಡಿದ. ಮನೆ ಕಟ್ಟಿದ್ದು 1994ರಲ್ಲಿ, ಮೋಲ್ಡ್ ಹಾಕುವಾಗಲೇ ಕಂಬಿಗೆ ಸೇರಿಸಿ ಕಟ್ಟಿದ ಹನ್ನೆರಡು ಎಂಎಂ ಸರಳು. ಸುತ್ತ ಕಾಂಕ್ರೀಟು ಬಿರುಕು ಬಿಟ್ಟಿದೆಯಾ, ತುಕ್ಕು ಹಿಡಿದು ಸಣ್ಣಗಾಗಿದೆಯಾ, ಪಟ್ಟಿ ಉಜ್ಜಿ ಉಜ್ಜಿ ಸವೆದಿದೆಯಾ ಅಂತ ಬ್ಯಾಟರಿ ಬಿಟ್ಟು ನೋಡಿ, ಪರವಾಗಿಲ್ಲ ಅಂದ.

ಕೊಕ್ಕೆಯೇ ಇಲ್ಲದ ಜಾಗದಲ್ಲಿ ಫ್ಯಾನ್ ಬೇಕು ಅನ್ನೋರ ಪಾಡು ಬೇರೆ. ಕಾಂಕ್ರೀಟು ಸೂರಾದರೆ ಅದರೊಳಕ್ಕೆ ಹೋಗಿ ಕಚ್ಚಿಕೊಳ್ಳೋ ಆಂಕರ್ ಬೋಲ್ಟು ಹೊಡೆದು ಕೊಕ್ಕೆ ಕೂರಿಸಬೇಕು. ಗೋಡೆಗೆ ಫೋಟೋ ತಗುಲಿಸೋ ಪ್ಲಾಸ್ಟಿಕ್ ಬಿರಡೆ, ಸ್ಕ್ರೂ ಆಗೋದಿಲ್ಲ. ಹೆಂಚಿನ ಮನೆಯಾದರೆ ತೊಲೆಗೆ ಕಬ್ಬಿಣದ ಪಟ್ಟಿ ಸುತ್ತಿ ತೂಗುಹಾಕಬೇಕು, ರೀಪಿಗಲ್ಲ. ತಿಪಟೂರಿನ ನಮ್ಮ ತವರುಮನೆಯಲ್ಲಿ ಅಪ್ಪ ಹಾಗೇ ಮಾಡಿಸಿದ್ದರು. ಬೆಂಗಳೂರಿನ ನನ್ನ ತಂಗಿ ಮನೆ ಕಥೆ ಕೇಳಿ: ಚಂದಕ್ಕೆ ಅಂತ ಫಾಲ್ಸ್ ಸೀಲಿಂಗ್ ಮಾಡಿಸಿದಳು. ಮಾಡಿದವರು ಫ್ಯಾನನ್ನು ಮೇಲಿನ ಸ್ಲ್ಯಾಬಿಗೆ ಸೇರಿಸದೆ ಆ ಜಿಪ್ಸಮ್ ಹಲಗೆಯ ತಗಡಿನ ಫ್ರೇಮಿಗೇ ಬಿಗಿದು ಹೋಗಿದ್ದರು. ಆರು ತಿಂಗಳಿಗೆ ಸುತ್ತಲೂ ಬಿರುಕು. ಆಮೇಲೆ ಉದ್ದದ ಪೈಪು ತಂದು, ತೂತು ಮಾಡಿ, ಸ್ಲ್ಯಾಬಿನ ಕೊಕ್ಕೆಯಿಂದಲೇ ಇಳಿಬಿಡಿಸಿದಳು. ಕಣ್ಣಿಗೆ ಕಾಣೋ ಸೀಲಿಂಗು ಸೀಲಿಂಗೇ ಅಲ್ಲ ಅಂತ ಅವಳ ಮಾತು.

ಕೊಕ್ಕೆ ಗಟ್ಟಿ ಇದೆ ಅಂದಿದ್ದನ್ನು, ಅಷ್ಟೊತ್ತಿಗೆ ದೇವಸ್ಥಾನದಿಂದ ಬಂದ ಅತ್ತೆ ಕೇಳಿಸಿಕೊಂಡರು. ಆಗಿದ್ದೇನು ಅಂತ ಯಾರೂ ಅವರಿಗೆ ಇನ್ನೂ ಹೇಳಿರಲಿಲ್ಲ. "ಗಟ್ಟಿ ಇದ್ರೆ ಆ ಫ್ಯಾನ್ ತೆಗ್ದು ತೊಟ್ಟಿಲು ಕಟ್ಟಪ್ಪಾ, ಹಾಲಲ್ಲಿ ಮಗು ತೂಗೋದು ಕಷ್ಟ" ಅಂದರು. ಫ್ಯಾನಿನ ಜೊತೆಗೇ ಒಂದು ಹಗ್ಗ ಕಟ್ಟಿ ಸೀರೆ ಜೋಲಿ ಹಾಕೋರೂ ಇದಾರೆ, ನಾನೇ ನೋಡಿದೀನಿ. ಅವನು ಎರಡೂ ಕೈ ಮುಗಿದ. "ಅಜ್ಜಿ, ಫ್ಯಾನು ನೇರವಾಗಿ ಕೆಳಕ್ಕೆ ತೂಗುತ್ತೆ. ತೊಟ್ಟಿಲು ಆ ಕಡೆ ಈ ಕಡೆ ಜಗ್ಗುತ್ತೆ. ಪಕ್ಕದಲ್ಲೇ ಕರೆಂಟ್ ವೈರಿದೆ. ತೊಟ್ಟಿಲಿಗೆ ಹಾಲಲ್ಲಿ ಬೇರೆ ಬಳೆ ಇದೆಯಲ್ಲ, ಅದರಲ್ಲೇ ಇರ್ಲಿ. ಫ್ಯಾನಿನ ನೇರ ಕೆಳಗೂ ಬೇಡ." ಅತ್ತೆ ಒಪ್ಪಿದರು. ಯಾಕೋ ಅವನ ಮಾತು ಅವರಿಗೆ ಹಿಡಿಸುತ್ತೆ, ನನ್ನದಲ್ಲ.

ಮೇಲಿನ ಕೆಲಸ ಮುಗಿಸಿ ವೈರಿಗೆ ಬಂದ. ನಮ್ಮಲ್ಲಿ ಫ್ಯಾನಿಗೆ ಬಂದಿದ್ದು ಎರಡೇ ತಂತಿ, ಅರ್ಥಿಂಗ್ ಇಲ್ಲ. ಫ್ಯಾನು ಕೈಗೆ ಎಟುಕೋ ವಸ್ತು ಅಲ್ಲ ಅಂತ ಹಳೇ ಮನೆಗಳಲ್ಲಿ ಬಿಟ್ಟುಬಿಡ್ತಿದ್ದರಂತೆ. ಆದರೆ ಹಬ್ಬಕ್ಕೆ ಮುಂಚೆ ಒದ್ದೆ ಬಟ್ಟೆ ಹಿಡಿದು ರೆಕ್ಕೆ ಒರೆಸೋಳು ನಾನು. ಒಳಗೆ ಎಲ್ಲೋ ವೈರು ಸವೆದು ಬಾಡಿಗೆ ತಾಗಿದ್ದರೆ? ಸ್ವಿಚ್ ಬೋರ್ಡಿಂದ ಪೈಪಿನೊಳಗೆ ಒಂದು ಹಸಿರು ತಂತಿ ಎಳೆದು ಫ್ಯಾನಿನ ಮೈಗೆ ಸೇರಿಸಿದ. ನ್ಯೂಟ್ರಲ್ಲಿಗೆ ಹೋಗಿದ್ದ ಸ್ವಿಚ್ಚನ್ನೂ ಸರಿ ಮಾಡಿದ. ಅದು ಅರ್ಧ ಗಂಟೆ ಕೆಲಸ, ಇಷ್ಟು ವರ್ಷ ಯಾರೂ ಮಾಡಿರಲಿಲ್ಲ.

ರೆಕ್ಕೆ ಜೋಡಿಸುವಾಗಲೂ ನೋಡುವುದಿದೆ. ಮೂರೂ ರೆಕ್ಕೆ ತೂಕ ಸರಿದೂಗಿಸಿದ ಒಂದೇ ಸೆಟ್ಟಾಗಿ ಬರುತ್ತೆ. ಒಂದು ಬಗ್ಗಿತು ಅಂತ ಬೇರೆ ಫ್ಯಾನಿಂದ ಒಂದು ತಂದು ಹಾಕಿದರೆ ಫ್ಯಾನು ಓಲಾಡುತ್ತೆ. ಓಲಾಡೋ ಫ್ಯಾನಿಗೆ ಅವನ ಪರೀಕ್ಷೆ ಸುಲಭ: ಒಂದು ಕಡ್ಡಿಯನ್ನು ಸೀಲಿಂಗಿಗೆ ಒತ್ತಿ ಹಿಡಿದು, ಮೊದಲ ರೆಕ್ಕೆಯ ತುದಿಯವರೆಗೆ ಅಳತೆ ಗುರುತು ಮಾಡೋದು. ಆಮೇಲೆ ಕೈಯಲ್ಲೇ ತಿರುಗಿಸುತ್ತಾ ಉಳಿದೆರಡೂ ಅದೇ ಗುರುತಿಗೆ ಬರುತ್ತಾ ನೋಡೋದು. ನಮ್ಮದರಲ್ಲಿ ಒಂದು ಅರ್ಧ ಇಂಚು ಕೆಳಗಿತ್ತು. ಒರೆಸುವಾಗ ಅದನ್ನೇ ಹಿಡಿದು ನೇತಾಡ್ತಿದ್ದವಳು ನಾನೇ ಇರಬೇಕು. ಈಗ ಒಂದು ಕೈ ರೆಕ್ಕೆಯ ಅಡಿಗೆ ಕೊಟ್ಟು ಇನ್ನೊಂದರಲ್ಲಿ ಒರೆಸ್ತೀನಿ. ಮಂಚದ ಮೇಲೆ ಸ್ಟೂಲ್ ಇಟ್ಟು ಹತ್ತೋ ಸಾಹಸವನ್ನೂ ಬಿಟ್ಟಿದೀನಿ.

ಎತ್ತರದ ವಿಷಯ. ನೆಲದಿಂದ ರೆಕ್ಕೆಗೆ 7 ಅಡಿಗಿಂತ ಕಮ್ಮಿ ಇರಲೇಬಾರದು, 8 ಅಡಿ ಇದ್ದರೆ ನೆಮ್ಮದಿ. ಸೀಲಿಂಗಿಗೂ ರೆಕ್ಕೆಗೂ ಒಂದಡಿಯಾದರೂ ಬಿಡಬೇಕು, ತೀರಾ ಅಂಟಿಸಿದರೆ ಗಾಳಿಯೇ ಬರಲ್ಲ. ನೆಲದಿಂದ ಅಳೆಯೋದು ಸರಿ, ಆದರೆ ನಮ್ಮ ಮನೆಗಳಲ್ಲಿ ಜನ ನೆಲದ ಮೇಲಷ್ಟೇ ನಿಲ್ಲಲ್ಲ. ಮಂಚದ ಮೇಲೆ ನಿಂತು ಸೊಳ್ಳೆಪರದೆ ಕಟ್ತೀವಿ, ಶರ್ಟು ಹಾಕ್ಕೊಳ್ಳೋವಾಗ ಕೈ ಮೇಲೆತ್ತುತೀವಿ, ಮಗುನ ಹೆಗಲ ಮೇಲೆ ಕೂರಿಸ್ಕೊಂಡು ಕುಣೀತೀವಿ. ತಂಗಿಯ ಗಂಡುಮಕ್ಕಳಿಗೆ ಒಂದರ ಮೇಲೊಂದು ಇರೋ ಮಂಚ ತಂದಿದ್ದರು. ಮೇಲಿನದರಲ್ಲಿ ಎದ್ದು ಕೂತರೆ ರೆಕ್ಕೆ ಕೈಗೆ ಸಿಗುತ್ತೆ. ಅವತ್ತು ರಾತ್ರಿಯೇ ಫೋನ್ ಮಾಡಿ ಮಂಚ ಜರುಗಿಸು ಅಂದೆ.

ಮಗಳು "ಇಷ್ಟೆಲ್ಲ ರಿಪೇರಿ ಯಾಕೆ, ರಿಮೋಟ್ ಇರೋ ಹೊಸ ಫ್ಯಾನೇ ತರೋಣ" ಅಂದಳು. ಬಿಎಲ್‌ಡಿಸಿ ಅಂತಾರಲ್ಲ, ಅವು. ಹಳೇ ಫ್ಯಾನು ಸುಮಾರು 75 ವಾಟ್ ತಿಂದರೆ ಇವು 30ರ ಆಸುಪಾಸು, ಯುಪಿಎಸ್ಸಿನ ಬ್ಯಾಟರಿಗೂ ಆರಾಮ. 2023ರಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಲೇಬಲ್ ಕಡ್ಡಾಯ ಆಗಿರೋದರಿಂದ ಹೋಲಿಸಿ ನೋಡೋದೂ ಸುಲಭ. ತಂದರೆ ಗೋಡೆಯ ಹಳೇ ರೆಗ್ಯುಲೇಟರನ್ನು ಲೈನಿಂದ ತೆಗೆಸಬೇಕು, ಅದರ ಮೂಲಕ ಕೊಟ್ಟರೆ ಒಳಗಿನ ಎಲೆಕ್ಟ್ರಾನಿಕ್ ಹಾಳಾಗುತ್ತೆ. ಅದೆಲ್ಲ ಸರಿ. ಆದರೆ ಹೊಸ ಫ್ಯಾನಿನ ಡಬ್ಬದಲ್ಲೂ ಅದೇ ಬೋಲ್ಟು, ಅದೇ ನಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಅದೇ ಪಿನ್ನು. ಅದನ್ನು ಕಸ ಅಂತ ಡಬ್ಬದ ಜೊತೆ ಗುಜರಿಗೆ ಹಾಕೋದೂ ಅಷ್ಟೇ ಸುಲಭ.

ಹಳೇದನ್ನೇ ಹಾಕಿಸಿದೆವು. ಒಬ್ಬರು ಕೆಳಗಿಂದ ಎತ್ತಿ ಕೊಟ್ಟು, ಒಬ್ಬರು ಏಣಿ ಹಿಡಿದು, ಅವನು ಮೇಲೆ. ಬಟ್ಟಲು ಮುಚ್ಚೋಕೆ ಮುಂಚೆ ಮೇಲಿಂದಲೇ ನಮ್ಮನೆಯವರನ್ನು ಕರೆದ: "ಅಂಕಲ್, ನೀವೂ ಹತ್ತಿ ಪಿನ್ ನೋಡ್ಬಿಡಿ." ಮೇಲಿನದು, ಕೆಳಗಿನದು ಎರಡನ್ನೂ ಮುಟ್ಟಿಸಿಯೇ ಬಟ್ಟಲು ಮುಚ್ಚಿದ. ನಾನೂ ಹತ್ತಿ ನೋಡಿದೆ, 54ನೇ ವಯಸ್ಸಿನಲ್ಲಿ ಸೀರೆ ಎತ್ತಿ ಕಟ್ಟಿ. ಆಮೇಲೆ ಬಾಗಿಲ ಹೊರಗೆ ನಿಂತು ಐದಕ್ಕೆ ಇಟ್ಟು ಕಾಲು ಗಂಟೆ ಓಡಿಸಿದ, ಕೆಳಗೆ ಯಾರೂ ಇಲ್ಲದ ಹಾಗೆ. ಒಂದು ವಾರ ಬಿಟ್ಟು ಬಂದು ರೆಕ್ಕೆಯ ಸ್ಕ್ರೂ ಎಲ್ಲ ಮತ್ತೊಂದು ಸಲ ಬಿಗಿ ಮಾಡಿ ಹೋದ. ಆ ಎರಡನೇ ಭೇಟಿಗೆ ದುಡ್ಡು ತಗೊಳ್ಳಲಿಲ್ಲ, ಎರಡು ಹೋಳಿಗೆ ತಿಂದ.

ಅವತ್ತೇ ಉಳಿದ ಮೂರು ಫ್ಯಾನಿನ ಬಟ್ಟಲೂ ಇಳಿಸಿ ನೋಡಿಸಿದೆ. ಹಾಲಿನದರಲ್ಲಿ ಪಿನ್ನಿತ್ತು, ಅಡುಗೆಮನೆಯದರಲ್ಲಿತ್ತು. ನನ್ನ ಮತ್ತು ನಮ್ಮನೆಯವರ ತಲೆಯ ಮೇಲೆ ವರ್ಷಗಟ್ಟಲೆ ತಿರುಗಿದ್ದರಲ್ಲಿ ಪಿನ್ನಿನ ಜಾಗದಲ್ಲಿ ಒಂದು ಅಂಗುಲ ತಾಮ್ರದ ತಂತಿ ಸುತ್ತಿತ್ತು. ಅದನ್ನು ಹಾಕಿದ್ದು ಯಾರು ಅಂತ ನಮ್ಮನೆಯವರನ್ನು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ.

ಅತ್ತೆಗೆ ಎಲ್ಲ ಹೇಳಿದ್ದು ರಾತ್ರಿ ಊಟ ಆದ ಮೇಲೆ. ಬೈತಾರೆ ಅಂದ್ಕೊಂಡಿದ್ದೆ. ಸುಮ್ಮನೆ ಕೂತಿದ್ದರು. ಆಮೇಲೆ, "ನಾ ಬೇಡ ಅಂದಿದ್ದು ಶೀತಕ್ಕೆ ಕಣೇ" ಅಂದರು. ಮಗಳು ಅವರ ತೊಡೆ ಮೇಲೆ ತಲೆ ಇಟ್ಟಳು. ಅತ್ತೆಯ ಶೀತದ ಸಿದ್ಧಾಂತವನ್ನು ನಾನು ಈಗಲೂ ಒಪ್ಪಲ್ಲ. ಆದರೆ ರೆಗ್ಯುಲೇಟರಿಗೆ ಅವರು ಕಟ್ಟಿದ ಆ ಬಟ್ಟೆಯಿಂದ ಎರಡು ವಾರ ಏನು ತಪ್ಪಿತು ಅಂತ ಲೆಕ್ಕ ಹಾಕೋ ಧೈರ್ಯ ನನಗಿಲ್ಲ.

ಮಾರನೇ ದಿನ ಅವರೇ ಆ ಬಟ್ಟೆ ಬಿಚ್ಚಿದರು. ಈಗ ಪಾಪು ಅಂಗಾತ ಮಲಗಿ ತಿರುಗೋ ರೆಕ್ಕೆ ನೋಡ್ತಾ ಕೈಕಾಲು ಬಡಿಯುತ್ತೆ. ಅತ್ತೆ ಬಾಗಿಲಲ್ಲಿ ನಿಂತು ಮೊದಲು ಕಿವಿ ಕೊಡ್ತಾರೆ, ಸದ್ದಿಲ್ಲ ಅಂತ ಖಾತ್ರಿ ಆದ ಮೇಲೆ ಒಳಗೆ ಬಂದು, ಮೂರರಲ್ಲಿರೋದನ್ನ ಒಂದಕ್ಕೆ ತಿರುಗಿಸಿ ಹೋಗ್ತಾರೆ. ಅವರು ಹೋದ ಮೇಲೆ ಮಗಳು ಎದ್ದು ಮತ್ತೆ ಮೂರಕ್ಕೆ ತಿರುಗಿಸ್ತಾಳೆ.